ಕರಿಯೆತ್ತಿಗೆ ಕುಸುಬಿ ಎಣ್ಣೆ

ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ ಚಂದ್ರಾಮ ಎಂಜಿನ್ನಿನೊಳಗೆ ನಿಂತು, ಉಗಿಯ ಒತ್ತಡ ತೋರಿಸುವ ಗೇಜಿನ ಗಾಜನ್ನು ಟವೆಲಿನ ಚುಂಗಿನಿಂದ ಒರೆಸುತ್ತಿದ್ದ. ಮುಳ್ಳು ನೂರಿಪ್ಪತ್ತು ಪೌಂಡಿನ ಗೆರೆ ದಾಟಿತ್ತು. ನೂರೈವತ್ತು ಮುಟ್ಟಿದರೆ ಹಿಂದಿನ ಮೂರು ಡಬ್ಬಿಗಳನ್ನು ಎಳೆಯಬಹುದು. ನಿಂಬರ್ಗಾ, ಹಿರೋಳ್ಳಿ, ಕೊಳಕೂರಿನ ಶಾಲೆಗಳ ಮಕ್ಕಳು ಆಗಲೇ ಡಬ್ಬಿಯೊಳಗೆ ಕೂತು ಕಿಟಕಿಯಿಂದ ಕತ್ತು ಚಾಚಿದ್ದರು.

ಅದು ೧೯೯೧ರಲ್ಲಿ, ಕಾರಹುಣ್ಣಿಮೆ ಕಳೆದು ಬಂದ ಭಾನುವಾರ. ಗಾಣಗಾಪುರ ರೋಡ್ ಸ್ಟೇಷನ್ನಿನಿಂದ ಮುಂದಿನ ಸ್ಟೇಷನ್ನಿಗೆ ಹೋಗಿ ಬರುವುದು, ಅಷ್ಟೇ ಪ್ರಯಾಣ. ಆದರೆ ಅದಕ್ಕಾಗಿ ಚಂದ್ರಾಮ ಎರಡು ವರ್ಷ ತಿರುಗಿದ್ದ.

ಅವನು ನಿಂಬರ್ಗಾದವನು. ಹರೆಯದಲ್ಲಿ ಜಂಕ್ಷನ್ನಿನ ಶೆಡ್ಡಿಗೆ ಎಂಜಿನ್ ತೊಳೆಯುವ ಕೆಲಸಕ್ಕೆ ಸೇರಿ, ಬೆಂಕಿ ಹಾಕುವವನಾಗಿ, ಕೊನೆಗೆ ಡ್ರೈವರಾಗಿ ನಿವೃತ್ತನಾದ. ಅಷ್ಟರಲ್ಲಿ ಡೀಸೆಲ್ ಬಂದಿತ್ತು. ಅವನು ಬಹುಕಾಲ ನಡೆಸಿದ ಎಂಜಿನ್ ಪಕ್ಕದ ಹಳಿಯ ಮೇಲೆ ಹುಲ್ಲಿನ ನಡುವೆ ನಿಂತುಬಿಟ್ಟಿತು. ಅದನ್ನು ನೋಡಲಾಗದೆ, ಮತ್ತೆ ಓಡಿಸಲು ಬಿಡಿ ಎಂದು ಚಂದ್ರಾಮ ರೈಲ್ವೆ ಇಲಾಖೆಯ ಬಾಗಿಲು ತಟ್ಟಿದ. ಎಂಜಿನಿಯರ್ ದೌಲತರಾಯರು ಕೇಳಿದ್ದು ಒಂದೇ ಪ್ರಶ್ನೆ: "ಇದನ್ನ ನೋಡಾಕ ಯಾರ್ ಬರ್ತಾರ?"

ಬರುವವರನ್ನು ಹುಡುಕಿಕೊಂಡು ಚಂದ್ರಾಮ ಹೊರಟ. ಒಂದು ಸ್ಟವ್, ಒಂದು ಮುಚ್ಚಳದ ಪಾತೆಲಿ ಹಿಡಿದು ಬಸ್ಸಿನಲ್ಲಿ ಊರೂರ ಶಾಲೆಗೆ ಹೋದ. ನೀರು ಕುದಿಸಿ ಮುಚ್ಚಳ ಕುಣಿಯುವುದನ್ನು ತೋರಿಸಿದ. ಮಕ್ಕಳು ಆಕಳಿಸಿದರು. ಒಂದು ದಿನ ಹಿರೋಳ್ಳಿಯಲ್ಲಿ ಅವನ ಬಾಯಿಂದ ಬೇರೆಯದೇ ಮಾತು ಬಂತು. "ಅದು ಕಬ್ಬಿಣದ ಎತ್ತು ನೋಡ್ರೋ. ಕರಿಯೆತ್ತು. ಕಲ್ಲಿದ್ದಲಿ ತಿಂತದ, ನೀರ್ ಕುಡೀತದ. ಚಂದ ನೋಡ್ಕೊಂಡ್ರ ಊರನ್ನ ಎಳೀತದ, ಹಸಿವಿಗೆ ಬಿಟ್ರ ಮಲಗ್ತದ."

ಹೊಲದ ಮನೆಯ ಮಕ್ಕಳ ಕಣ್ಣು ಅರಳಿದವು. ಅಲ್ಲಿಂದ ಮುಂದೆ ಪ್ರತಿ ಶಾಲೆಯಲ್ಲೂ ಅವನು ಎತ್ತಿನಿಂದಲೇ ಶುರುಮಾಡಿದ. ನಿಂಬರ್ಗಾದ ಶಾಲೆಯಲ್ಲಿ ಹೇಳುವಾಗ ಅವನ ಹೆಂಡತಿ ಮಲ್ಕಮ್ಮ ಬಾಗಿಲ ಬಳಿ ಕೂತು ಪೂರ್ತಿ ಕೇಳಿಸಿಕೊಂಡಳು. ಅವನ ಅಂಗಿಯ ಮಸಿ ತೊಳೆಯುವುದರಲ್ಲೇ ಅವಳ ಆಯುಷ್ಯ ಕಳೆದಿತ್ತು. ಎಂಜಿನ್ನನ್ನು ಮಾತ್ರ ಹತ್ತಿರದಿಂದ ಕಂಡವಳಲ್ಲ. ಮನೆಯಲ್ಲಿ ದನ ಇದ್ದವು, ಅತ್ತೆ ಇದ್ದಳು, ಹೊರಡುವ ದಿನ ಬಂದಿರಲಿಲ್ಲ.

ಕೊನೆಗೆ ದೌಲತರಾಯರು ಒಪ್ಪಿದರು. "ಒಂದ್ ಸಲ ಓಡಸ್ರಿ. ಛಲೋ ಓಡ್ತು ಅಂದ್ರ ವರ್ಷಕ್ಕ ನಾಕ್ ಸಲ ಓಡಸೋಣು. ಇಲ್ಲಾಂದ್ರ ಕಟ್ಟಿ ಮ್ಯಾಲ ನಿಲ್ಲಿಸಿ ಬಣ್ಣ ಬಳದು ಬಿಡ್ತೀವಿ."

ಕಟ್ಟೆಯ ಮೇಲೆ ನಿಂತ ಎಂಜಿನ್ನಿನ ಬಾಯ್ಲರಿಗೆ ಮತ್ತೆ ಬೆಂಕಿ ಬೀಳುವುದಿಲ್ಲ. ಅದು ಚಂದ್ರಾಮನಿಗೆ ಗೊತ್ತಿತ್ತು.

ಆ ಭಾನುವಾರ ಬೆಂಕಿ ಹಾಕಲು ಅವನು ಕರೆತಂದದ್ದು ಹಳೆಯ ಜೊತೆಗಾರ ಯಾಕೂಬಸಾಬನನ್ನು. ಇಬ್ಬರ ನಡುವೆ ಶೆಡ್ಡಿನ ಹಳೆಯ ಪದ್ಧತಿ ಇತ್ತು: ಒಬ್ಬ ಗೇಜಿನ ಅಂಕಿ ಕೂಗಬೇಕು, ಇನ್ನೊಬ್ಬ ಅದನ್ನೇ ತಿರುಗಿ ಕೂಗಬೇಕು. ಕೂಗಿದ ಅಂಕಿಯೆಂದರೆ ಪ್ರಮಾಣ ಮಾಡಿದ ಹಾಗೆ. ಉಳಿದ ಡ್ರೈವರುಗಳು ನೂರಾ ನಲವತ್ತು ಎನ್ನುವಲ್ಲಿ ಚಂದ್ರಾಮ ನೂರಾ ನಲವತ್ತೆರಡು ಎನ್ನುತ್ತಿದ್ದ. ಶೆಡ್ಡಿನಲ್ಲಿ ಅದಕ್ಕೆ 'ಚಂದ್ರಾಮನ ಎರಡು' ಎಂದೇ ಹೆಸರು ಬಿದ್ದಿತ್ತು. ಇಂಥವನು ಕೂಗಿದ ಮೇಲೆ ಮೇಲಧಿಕಾರಿಗಳೂ ಹತ್ತಿ ನೋಡುತ್ತಿರಲಿಲ್ಲ.

ಮಲ್ಕಮ್ಮ ಇಳಕಲ್ ಸೀರೆಯುಟ್ಟು, ಕೈಯಲ್ಲಿ ಖಾಲಿ ಹಿತ್ತಾಳೆ ಕೊಡಪಾನ ಹಿಡಿದು ಎಂಜಿನ್ನಿನ ಹತ್ತಿರ ಬಂದಳು.

"ಏನ್ ಯಾಕೂಬಸಾಬ, ಎತ್ತು ಇನ್ನಾ ನಿಂತೇ ಅದಲ್ಲ. ಬಾರಕೋಲ ಮರತ ಬಂದೀರೇನು?"

"ಬಾರಕೋಲ ಯಾಕ್ರಿ ವೈನಿ, ನಿಮ್ಮ ಯಜಮಾನ್ರ ನಾಲಗಿ ಅದಲ್ರಿ!"

"ಹಂಗಾರ ಓಡ್ತದ ಬಿಡು. ನಾನೂ ಗೊಟ್ಟ ಹಾಕೇನಿ."

ನಮ್ಮ ಕಡೆ ಕಾರಹುಣ್ಣಿಮೆಯ ಸುಮಾರಿಗೆ, ದುಡಿಯುವ ಎತ್ತಿನ ಬಾಯಿ ತೆರೆದು ಬಿದಿರಿನ ಗೊಟ್ಟದಿಂದ ಎಣ್ಣೆ ಕುಡಿಸುತ್ತಾರೆ. ಮಳೆಗಾಲದ ದುಡಿತಕ್ಕೆ ಅದು ಕಸುವು ಕೊಡುತ್ತದೆ ಎಂದು ನಂಬಿಕೆ.

ಚಂದ್ರಾಮನ ಕೈ ಗಾಜಿನ ಮೇಲೇ ನಿಂತಿತು. "ಏನ್ ಹಾಕೀದಿ?"

"ಎಣ್ಣಿರಿ. ಮನಿ ಕುಸುಬಿ ಎಣ್ಣಿ. ನಸಕಿನ್ಯಾಗ ನೀರಿನ ಟ್ಯಾಂಕರ್ ಬಂದಿತ್ತಲ್ರಿ, ನೀವು ಗಾಲಿ ಕೆಳಗ ಮಲಗಿ ಏನೋ ಬಡ್ಯಾಕತ್ತಿದ್ರಿ. ಎಂಜಿನ್ನಿನ ಹಿಂದಿನ ನೀರಿನ ಬಂಡಿ ಬಾಯಿ ತಕ್ಕೊಂಡಿತ್ತು. ಟ್ಯಾಂಕರಿನವಂಗ ಅಂದೆ, ತಮ್ಮಾ, ಇದನ್ನೂ ಅದರಾಗ ಸುರುವು ಅಂತ. ಮನ್ಯಾಗಿನ ಎತ್ತಿಗೆ ನಾವ್ ಕುಡಸ್ತೇವಿ, ಪಾಪ, ಇದಕ್ಕ ಯಾರ್ ಕುಡಸ್ತಾರ?"

"ಎಷ್ಟು?"

"ನಾಕ್ ಸೇರು. ಕಡಿಮಿ ಆತೇನ್ರಿ?"

ಯಾಕೂಬಸಾಬನ ಸಲಿಕೆ ಅರ್ಧಕ್ಕೇ ನಿಂತಿತು. ಚಂದ್ರಾಮ ಹೆಂಡತಿಯ ಮುಖ ನೋಡಿದ. ಆ ಮುಖದಲ್ಲಿ ಎಷ್ಟೋ ವರ್ಷಗಳ ನಂತರ ಅವನ ಕೆಲಸಕ್ಕೆ ತಾನೂ ಕೈಹಚ್ಚಿದೆನೆಂಬ ಹಿಗ್ಗಿತ್ತು.

"ಇಲ್ಲ," ಎಂದ. "ಬೇಕಾದಷ್ಟಾತು. ಹೋಗಿ ಕುಂದುರು."

ಅವಳು ಹೋದ ಮೇಲೆ ಅವನು ಬಾಯ್ಲರಿನೊಳಗಿನ ನೀರಿನ ಮಟ್ಟ ತೋರಿಸುವ ಗಾಜಿನ ನಳಿಗೆಯ ಕಡೆ ಬಾಗಿದ. ನೀರು ನಿಂತಲ್ಲಿ ನಿಂತಿರಲಿಲ್ಲ. ನೊರೆಯೆದ್ದು ಮೇಲೆ ಕೆಳಗೆ ಜಿಗಿಯುತ್ತಿತ್ತು. ಗಾಜಿಗೆ ಹಳದಿ ಜಿಡ್ಡಿನ ಉಂಗುರ ಕಟ್ಟಿತ್ತು. ನೀರಿನ ಬಂಡಿಯಲ್ಲಿ ತಳಮಟ್ಟದ ನೀರಿದ್ದಾಗ ಎಣ್ಣೆ ಬಿದ್ದಿತ್ತು, ಟ್ಯಾಂಕರಿನ ಧಾರೆ ಅದನ್ನು ಮಜ್ಜಿಗೆಯಂತೆ ಕಡೆದಿತ್ತು, ಆಮೇಲೆ ಅವನೇ ಎರಡು ಸಲ ಆ ನೀರನ್ನು ಬಾಯ್ಲರಿಗೆ ಬಿಟ್ಟಿದ್ದ.

ಎಣ್ಣೆ ಬೆಂಕಿಗೂಡಿನ ಮೇಲ್ತಗಡಿಗೆ ಅಂಟಿಕೊಳ್ಳುತ್ತದೆ. ಅಂಟಿದಲ್ಲಿ ನೀರು ತಗಡನ್ನು ತಾಗುವುದಿಲ್ಲ. ನೀರು ತಾಗದ ತಗಡು ಕೆಂಪಗೆ ಕಾದು ಮೆದುವಾಗಿ ಉಬ್ಬುತ್ತದೆ. ಉಬ್ಬಿದ್ದು ಹರಿದರೆ ಒಳಗಿನ ಉಗಿಯೆಲ್ಲ ಒಮ್ಮೆಲೇ ಹೊರಗೆ. ಹಾಗೆ ಆಗಲಿಕ್ಕಿಲ್ಲ ಎನ್ನಬಹುದು. ನಾಲ್ಕು ಸೇರು ದೊಡ್ಡದಲ್ಲ. ಆದರೆ ಬೆನ್ನ ಹಿಂದೆ ಮೂರು ಡಬ್ಬಿ ಮಕ್ಕಳನ್ನು ಕೂರಿಸಿಕೊಂಡು 'ಆಗಲಿಕ್ಕಿಲ್ಲ' ಎನ್ನುವ ಮಾತಿನ ಮೇಲೆ ಎಂಜಿನ್ ನಡೆಸುವುದನ್ನು ಅವನು ಕಲಿತಿರಲಿಲ್ಲ.

"ಸಾಹೇಬ್ರಿಗೆ ಖರೇ ಹೇಳಿಬಿಡ್ರಿ ಉಸ್ತಾದ್," ಎಂದು ಯಾಕೂಬಸಾಬ ಪಿಸುಗುಟ್ಟಿದ. "ತೊಳಿಸಿ ಇನ್ನೊಮ್ಮಿ ಓಡಸೋಣು."

ನಿಜ ಹೇಳಿದರೆ ಎಂಜಿನ್ ಬದುಕಬಹುದಿತ್ತು. ಆದರೆ ಪ್ಲಾಟ್‌ಫಾರ್ಮಿನ ತುಂಬ ಮೂರು ತಾಲೂಕಿನ ಜನ ಇದ್ದರು. ಸಂಜೆಯೊಳಗೆ ಮಲ್ಕಮ್ಮ ರೈಲು ಕೆಡಿಸಿದಳೆಂದು ಬಾವಿಕಟ್ಟೆಗಳಲ್ಲೆಲ್ಲ ಮಾತಾಗುತ್ತಿತ್ತು. ಸಾಯುವವರೆಗೂ ಅವಳು ಅದನ್ನೇ ಹೊತ್ತು ನೀರು ತರಬೇಕಾಗುತ್ತಿತ್ತು. ಮತ್ತು ಎತ್ತಿನ ಮಾತು ಹೇಳಿಕೊಟ್ಟವರು ಯಾರು?

ದೌಲತರಾಯರು ಪ್ಲಾಟ್‌ಫಾರ್ಮಿನಿಂದ ಕೈಗಡಿಯಾರ ನೋಡುತ್ತ ಕೂಗಿದರು. "ಚಂದ್ರಾಮ, ಒಂಬತ್ತಕ್ಕ ಮೇಲ್ ಗಾಡಿ ಬರ್ತದ. ಅದಕ್ಕ ಲೈನ್ ಬಿಡಬೇಕು. ಪ್ರೆಶರ್ ಎಷ್ಟದ?"

ಮುಳ್ಳು ನೂರೈವತ್ತರ ಮೇಲೆ ಎರಡು ಪೌಂಡು ನಿಂತಿತ್ತು.

"ಎಂಬತ್ತ್ರಿ ಸಾಹೇಬ್ರ," ಎಂದು ಚಂದ್ರಾಮ ಕೂಗಿದ. "ಏರವಲ್ದು."

ತಿರುಗಿ ಕೂಗಬೇಕಾದವನು ಗೇಜಿನ ಕಡೆ ಒಮ್ಮೆ, ಚಂದ್ರಾಮನ ಕಡೆ ಒಮ್ಮೆ ನೋಡಿದ. ಆಮೇಲೆ ಅದೇ ಅಂಕಿಯನ್ನು ಕೂಗಿ, ಬೆಂಕಿಗೂಡಿನ ಬಾಗಿಲು ತೆರೆದು ಬೆಂಕಿ ಕೆದರಿ ತಗ್ಗಿಸತೊಡಗಿದ.

ದೌಲತರಾಯರು ಹತ್ತಿ ನೋಡಲಿಲ್ಲ.

ಮಕ್ಕಳನ್ನು ಇಳಿಸಿದರು. ಕೊಳಕೂರಿನ ಒಬ್ಬ ಹುಡುಗಿ ಕಿಟಕಿಯ ಸರಳು ಬಿಡಲೇ ಇಲ್ಲ. ಮಾಸ್ತರರು ಬೆರಳು ಬಿಡಿಸಿ ಎತ್ತಿಕೊಂಡು ಹೋದರು. ನಿಂಬರ್ಗಾದ ಚಹಾದಂಗಡಿಯ ಅಂಬಾರಾಯ ಎಲ್ಲರಿಗೂ ಕೇಳುವಂತೆ, "ಮಾಮಾ, ನಿನಗಿಂತ ನನ್ನ ಕಿಟ್ಲಿ ಪಾಡ, ಕಾಲು ತಾಸಿನ್ಯಾಗ ಉಗಿ ಎಬ್ಬಸ್ತದ!" ಎಂದ. ಜನ ನಕ್ಕರು. ಚಂದ್ರಾಮನೂ ತಲೆದೂಗಿದ. ಆ ಸಂಜೆ ಅವನೂ ಯಾಕೂಬಸಾಬನೂ ಬೇರೆ ಯಾರನ್ನೂ ಹತ್ತಿರ ಬಿಡದೆ ಬಾಯ್ಲರಿನ ನೀರನ್ನೆಲ್ಲ ತಾವೇ ಹೊರಗೆ ಬಿಟ್ಟರು.

ಎಂಜಿನ್ ಸ್ಟೇಷನ್ನಿನ ಮುಂದಿನ ಕಟ್ಟೆಯ ಮೇಲೆ ಹೋಯಿತು. ಕಪ್ಪು ಬಣ್ಣ ಬಳಿದು ಸುತ್ತ ಸರಪಳಿ ಹಾಕಿದರು. ಚಂದ್ರಾಮ ಸುಮ್ಮನೆ ಕೂರಲಿಲ್ಲ. ಶಾಲೆಯ ಮಕ್ಕಳನ್ನು ಅಲ್ಲಿಗೇ ಕರೆತಂದು, ತಣ್ಣನೆಯ ಬೆಂಕಿಗೂಡಿನೊಳಗೆ ಒಬ್ಬೊಬ್ಬರನ್ನಾಗಿ ಬಗ್ಗಿಸಿ ತೋರಿಸಿದ. ಎತ್ತಿನ ಮಾತು ಮಾತ್ರ ಮತ್ತೆ ಆಡಲಿಲ್ಲ. 'ಚಂದ್ರಾಮನ ಎರಡು' ಎಂದು ಯಾರೂ ಅನ್ನದಾದರು.

ಕೆಲವು ವರ್ಷಗಳ ಮೇಲೆ, ಗಾಣಗಾಪುರಕ್ಕೆ ಹೋಗಿ ಬರುವಾಗ ಮಲ್ಕಮ್ಮ ಆ ಕಟ್ಟೆಯ ಹತ್ತಿರ ನಿಂತಳು. ಅವಳ ಕಣ್ಣು ಆಗ ಮಂಜಾಗಿದ್ದವು. ಎಂಜಿನ್ನಿನ ಗಾಲಿಯ ಮೇಲೆ ಅಂಗೈಯಿಟ್ಟು, ದನದ ಮೈ ಸವರುವಂತೆ ಸವರಿದಳು.

"ಮುದಿ ಆಗಿತ್ತು ಪಾಪ," ಎಂದಳು. "ಅವತ್ತ ನಾ ಎಣ್ಣಿ ಹಾಕಿದ್ದಕ್ಕ ಅಷ್ಟರೆ ಏರ್ತು. ಇಲ್ಲಾಂದ್ರ ಅದೂ ಏರ್ತಿದ್ದಿಲ್ಲ, ಹೌದಲ್ರಿ?"

"ಹೌದು," ಎಂದ ಚಂದ್ರಾಮ.

"ಎಷ್ಟ್ ಏರಿತ್ರಿ ಅವತ್ತ?"

ಅವನು ಅವಳ ಕೈಯನ್ನು ಗಾಲಿಯ ಮೇಲಿಂದ ತೆಗೆದು, ಅಂಟಿದ್ದ ಕಪ್ಪನ್ನು ಟವೆಲಿನ ಚುಂಗಿನಿಂದ ಒರೆಸಿದ.

"ಎಂಬತ್ತು."