ಸ್ರೆತೆನಣ್ಣನ ಹಗುರ ಟೈರುಗಳು

ನಮ್ಮ ಪೊಝೆಗಾ ಪೇಟೆಯಲ್ಲಿ ಸ್ರೆತೆನಣ್ಣನವರು ತೂಗದ ವಸ್ತುವಿಲ್ಲ. ರೈಲು ನಿಲ್ದಾಣದ ಪಾರ್ಸೆಲ್ ಕಟ್ಟೆಯಲ್ಲಿ, ತಕ್ಕಡಿಯ ಮುಂದೆ ನಿಂತೇ ಆಯುಷ್ಯ ಸವೆಸಿದವರು. ಮದುವೆಯ ಹಾಸಿಗೆಯಿಂದ ಹಿಡಿದು, ಸೇನೆಗೆ ಹೋದ ಮಕ್ಕಳಿಗೆ ತಾಯಂದಿರು ಕಳಿಸುತ್ತಿದ್ದ ಹೊಗೆಯಾಡಿಸಿದ ಮಾಂಸದವರೆಗೆ ಎಲ್ಲದರ ಭಾರ ಅವರಿಗೆ ಗೊತ್ತು. ನಿವೃತ್ತರಾದ ಮೇಲೂ ಆ ಗತ್ತು ಇಳಿಯಲಿಲ್ಲ. ಯಾರದಾದರೂ ಮಗುವನ್ನು ಎತ್ತಿಕೊಂಡರೆ ಮುದ್ದಿಸುವ ಮೊದಲು ತೂಕ ಹೇಳುತ್ತಾರೆ. ಹೇಳಿದ್ದು ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ತಾಯಂದಿರಿಗೆ ಅದೇ ಸಿಟ್ಟು.

ಅವರ ಕಾರು ಒಂದು ಹಳೆಯ ಫಿಚಾ. ನಿಂತಿದ್ದರೆ ಯಾರೋ ಮರೆತು ಬಿಟ್ಟುಹೋದ ಪೆಟ್ಟಿಗೆಯ ಹಾಗೆ ಕಾಣುವಷ್ಟು ಪುಟ್ಟದು. ಪೇಟೆಯೊಳಗೆ ಅದು ರಾಜ. ಆದರೆ ಹೆಂಡತಿ ಕೊವಿಲ್ಕಕ್ಕನ ತವರು ಇರುವುದು ಗುಡ್ಡದ ಮೇಲೆ. ಊರು ಇನ್ನೇನು ಬಂತು ಅನ್ನುವಾಗ ಒಂದು ಕಡಿದಾದ ತಿರುವು ಇದೆ. ಇಬ್ಬರನ್ನೂ ಹೊತ್ತು ಫಿಚಾ ಅದನ್ನು ಹತ್ತಿದ್ದೇ ಇಲ್ಲ. ಆದ್ದರಿಂದ ವರ್ಷವರ್ಷವೂ ಅಲ್ಲಿ ಕೊವಿಲ್ಕಕ್ಕ ಇಳಿಯುತ್ತಿದ್ದರು. ಸ್ರೆತೆನಣ್ಣ ಕಾರನ್ನು ಮೇಲೆ ಹತ್ತಿಸಿ, ಅಕ್ರೋಟು ಮರದ ಕೆಳಗೆ ಬಾಗಿಲು ತೆರೆದು ಕಾಯುತ್ತಿದ್ದರು. ಹೆಂಡತಿ ಬಂದೊಡನೆ "ಸುಸ್ತಾಯ್ತಾ?" ಎನ್ನುವರು. "ಇಲ್ಲ" ಎಂದು ಆಕೆ ಏದುಸಿರು ಬಿಡುತ್ತಾ ಕೂರುವರು. ಅವರ ದಾಂಪತ್ಯದ ಮಂತ್ರವೇ ಅದಾಗಿತ್ತು.

ಹೋದ ವರ್ಷ ಕೊವಿಲ್ಕಕ್ಕನ ಮೊಣಕಾಲಿಗೆ ಶಸ್ತ್ರಚಿಕಿತ್ಸೆಯಾಯಿತು. ತವರಿನ ಸ್ಲಾವಾ ತಪ್ಪಿತು. ಸ್ಲಾವಾ ಎಂದರೆ ಮನೆತನದ ಸಂತನ ಹಬ್ಬ. ಅದಕ್ಕೆ ಯಾರನ್ನೂ ಕರೆಯುವ ಪದ್ಧತಿಯಿಲ್ಲ, ಕರೆಯದೆಯೇ ಹೋಗಬೇಕು. ಹೋಗದಿದ್ದರೆ ಮಾತ್ರ ಊರೆಲ್ಲ ಗಮನಿಸುತ್ತದೆ. ಈ ಸಲ ಹೋಗದಿದ್ದರೆ ತವರು ದೂರವಾಗಿಬಿಡುತ್ತದೆ ಎಂದು ಕೊವಿಲ್ಕಕ್ಕನಿಗೆ ಅನ್ನಿಸಿತ್ತು. ಬಾಯಿ ಬಿಟ್ಟು ಹೇಳಲಿಲ್ಲ. ಹಬ್ಬಕ್ಕೆ ಇನ್ನೂ ಬಹಳ ದಿನವಿರುವಾಗ, ಸೆಪ್ಟೆಂಬರಿನಲ್ಲೇ, ಒಳ್ಳೆಯ ಲಂಗ ಇಸ್ತ್ರಿ ಮಾಡಿ ತೂಗುಹಾಕಿದರು, ಅಷ್ಟೆ.

ತವರಿನಿಂದ ಕೊವಿಲ್ಕಕ್ಕನ ತಮ್ಮ ಫೋನು ಮಾಡಿ, ಟ್ರ್ಯಾಕ್ಟರ್ ಕಳಿಸುತ್ತೇನೆಂದ.

"ನನ್ನ ಹೆಂಡತಿ ಆಲೂಗಡ್ಡೆ ಮೂಟೆ ಅಲ್ಲ," ಎಂದು ಸ್ರೆತೆನಣ್ಣ ಫೋನು ಇಟ್ಟರು.

"ಆಲೂಗಡ್ಡೆನಾದ್ರೂ ಊರು ಸೇರುತ್ತೆ," ಅಂದರು ಕೊವಿಲ್ಕಕ್ಕ. "ಅಪ್ಪನ ಟ್ರ್ಯಾಕ್ಟರನ್ನ ನಾನೇ ಓಡಿಸ್ತಾ ಇದ್ದೋಳು. ಕೂತ್ಕೊಂಡು ಹೋಗೋಕೆ ನಂಗೇನು ನಾಚಿಕೆ?"

ಈ ಮಾತು ಸ್ರೆತೆನಣ್ಣನ ಕಿವಿಗೆ ಬೀಳಲಿಲ್ಲ. ಅವರಾಗಲೇ ಕಾರಿನ ಚಕ್ರವನ್ನು ದಿಟ್ಟಿಸುತ್ತಿದ್ದರು.

ಮರುದಿನ ಹಂದಿ ತೂಗುವ ಕೊಕ್ಕೆತಕ್ಕಡಿ ಹಿಡಿದು ಮಿಲಂಕೋನ ಟೈರಂಗಡಿಗೆ ಹೊರಟರು. ಸಾಕ್ಷಿಗೆಂದು ಪಕ್ಕದ ಮನೆಯ ನನ್ನನ್ನೂ ಎಳೆದುಕೊಂಡರು.

"ಅಗಲದ್ದು ಹಾಕ್ಸಣ್ಣ," ಎಂದ ಮಿಲಂಕೊ. "ಕಾರಿಗೆ ಮೀಸೆ ಬಂದಂಗೆ ಕಾಣುತ್ತೆ."

"ಮೀಸೆ ಬೇಡ ಕಣೋ, ಕಾಲು ಹಗುರ ಆಗ್ಬೇಕು. ಬೆನ್ನ ಮೇಲಿನ ಭಾರ ಬೇರೆ, ಕಾಲಿಗೆ ಕಟ್ಟಿದ ಭಾರ ಬೇರೆ. ಭಾರದ ಬೂಟು ಹಾಕ್ಕೊಂಡು ನೀನು ಗುಡ್ಡ ಹತ್ತುತೀಯಾ?"

"ನಾನು ಯಾವ ಬೂಟಲ್ಲೂ ಹತ್ತಲ್ಲ."

ಅಂಗಡಿಯ ಸಣ್ಣ ಟೈರುಗಳೆಲ್ಲ ಒಂದೊಂದಾಗಿ ಕೊಕ್ಕೆಗೆ ನೇತುಬಿದ್ದವು. ಒಂದೇ ಅಳತೆಯ ಟೈರುಗಳಲ್ಲೂ ಒಂದು ಹಗುರ, ಒಂದು ಭಾರ. ಎಲ್ಲಕ್ಕಿಂತ ಹಗುರವಾದದ್ದನ್ನು ಸ್ರೆತೆನಣ್ಣ ಕೂಸಿನಂತೆ ಎತ್ತಿಕೊಂಡಾಗ ಮಿಲಂಕೊ ಕಿತ್ತುಕೊಂಡ.

"ಇದು ಬೇಡ. ಪಕ್ಕದ ಗೋಡೆ ತೀರಾ ತೆಳು, ಗುಡ್ಡದ ಚೂಪುಗಲ್ಲಿಗೆ ಹರ್ಕೊಂಡ್ರೆ ಅಕ್ಕ ದಾರೀಲಿ ಕೂತ್ಕೋತಾಳೆ. ತೂಕದಲ್ಲಿ ಇದರ ಮೇಲಿನದು ತಗೋ. ಸಪೂರ ಇದೆ, ಗಟ್ಟಿಯಾಗೂ ಇದೆ."

ಅಕ್ಕನ ಹೆಸರು ಬಂದದ್ದೇ ಸ್ರೆತೆನಣ್ಣ ಒಪ್ಪಿದರು.

ಅಲ್ಲಿಗೆ ಮುಗಿಯಲಿಲ್ಲ. ಹಿಂದಿನ ಸೀಟು ಬಿಚ್ಚಿದರು, ಹೆಚ್ಚುವರಿ ಚಕ್ರ ತೆಗೆದರು, ಬೂದಿಬಟ್ಟಲನ್ನೂ ಬಿಡಲಿಲ್ಲ. ಕೊವಿಲ್ಕಕ್ಕ ಬಾಗಿಲಲ್ಲಿ ನಿಂತು ನೋಡಿದರು.

"ನಾನು ದಪ್ಪ ಅಂತ ಹೇಳ್ಬಿಡು ಮಾರಾಯ. ಪಾಪ, ಟೈರಿನ ಮೇಲೆ ಯಾಕೆ ಹಾಕ್ತೀಯ?"

"ನಿನ್ನ ತೂಕ ನಂಗೊತ್ತಿಲ್ಲ," ಎಂದರು ಸ್ರೆತೆನಣ್ಣ, ತಲೆಯೆತ್ತದೆ.

ಊರಿನ ಮಕ್ಕಳೆಲ್ಲರ ತೂಕ ಹೇಳಿದ ಮನುಷ್ಯ ಆ ಒಂದು ತೂಕವನ್ನು ಮಾತ್ರ ಎಂದೂ ಬಾಯಿಗೆ ತಂದವರಲ್ಲ.

ಹಬ್ಬದ ದಿನ ನಾನೂ ಹೊರಟಿದ್ದೆ. ಸ್ರೆತೆನಣ್ಣ ನನ್ನನ್ನು ಮೇಲಿನಿಂದ ಕೆಳಗೆ ಅಳೆದು, "ನೀನು ಬಸ್ಸಲ್ಲಿ ಬಾ," ಎಂದರು. ಬಸ್ಸು ತಿರುವಿನ ಕೆಳಗೇ ನಿಲ್ಲುತ್ತದೆ. ನಾನು ಇಳಿದು ನಡೆಯತೊಡಗಿದಾಗ ಫಿಚಾ ನನ್ನನ್ನು ದಾಟಿ ಹೋಯಿತು. ಸಪೂರ ಟೈರುಗಳು ಲವಲವಿಕೆಯಿಂದ ಉರುಳುತ್ತಿದ್ದವು. ಕೊವಿಲ್ಕಕ್ಕನ ಮಡಿಲಲ್ಲಿ ಬಿಳಿ ಬಟ್ಟೆ ಸುತ್ತಿದ, ದುಂಡನೆಯ ಹಬ್ಬದ ರೊಟ್ಟಿ. ಹಿಂದಿನ ವರ್ಷಗಳಲ್ಲಿ ಆಕೆ ಇಳಿಯುತ್ತಿದ್ದ ಜಾಗವನ್ನೂ ಕಾರು ದಾಟಿತು. ನಾನು ಟೋಪಿ ಬೀಸಿದೆ. ಬೀಸಿದ್ದು ಸ್ವಲ್ಪ ಬೇಗವಾಯಿತೇನೋ. ತಿರುವಿನ ಅರ್ಧದಲ್ಲಿ ಫಿಚಾ ಕೆಮ್ಮಿ, ನಡುಗಿ, ನಿಂತಿತು.

ಸ್ರೆತೆನಣ್ಣ ಕೈಬ್ರೇಕು ಎಳೆದರು. ನಾನು ಹತ್ತಿರ ಹೋದಾಗ ಅವರ ಮುಖ ನೋಡಲಾಗಲಿಲ್ಲ.

"ಇನ್ನೇನು ತೆಗೀಬಹುದು?" ಎಂದು ನನ್ನನ್ನೇ ಕೇಳಿದರು.

ಕೊವಿಲ್ಕಕ್ಕ ರೊಟ್ಟಿಯನ್ನು ಗಂಡನ ಕೈಗಿಟ್ಟರು.

"ಇಳಿ."

"ನಾನಾ?"

"ನಿನ್ನ ಕಾಲು ಚೆನ್ನಾಗಿದೆಯಲ್ಲ? ನಂಗೆ ಗುಡ್ಡ ಹತ್ತೋಕಾಗಲ್ಲ, ಪೆಡಲ್ ತುಳಿಯೋಕಾಗುತ್ತೆ. ಬ್ರೇಕ್ ಹಾಗೇ ಇರಲಿ. ಇಳಿ ಮಾರಾಯ, ಸಂತ ಕಾಯ್ತಿದಾನೆ."

ಅಷ್ಟು ವರ್ಷ ಪೇಟೆಯನ್ನೆಲ್ಲ ತೂಗಿದವರು ತಮ್ಮನ್ನೇ ತೂಗಿಕೊಂಡಿರಲಿಲ್ಲ! ಸ್ರೆತೆನಣ್ಣ ಕಾರಿನಿಂದ ಹೊರಬಂದಾಗ ಫಿಚಾ ಒಂದು ಬದಿಯಿಂದ ಮೇಲೆದ್ದದ್ದನ್ನು ನಾನು ಕಣ್ಣಾರೆ ಕಂಡೆ. ಕೊವಿಲ್ಕಕ್ಕ ಜರುಗಿ, ಸ್ಟಿಯರಿಂಗ್ ಹಿಡಿದು, ಟ್ರ್ಯಾಕ್ಟರ್ ಓಡಿಸುವವರ ಹಾಗೆ ಬೆನ್ನು ನೆಟ್ಟಗೆ ಮಾಡಿದರು. ಕಾರು ಒಮ್ಮೆ ಗುಟುರು ಹಾಕಿ ತಿರುವು ಹತ್ತಿಯೇ ಬಿಟ್ಟಿತು.

ನಾವಿಬ್ಬರೂ ನಡೆದೆವು. ಅರ್ಧ ದಾರಿಯಲ್ಲಿ ಅವರು ನಿಂತು ಮೇಲೆ ನೋಡಿದರು.

"ಇದು ಇಷ್ಟು ಕಡಿದಾಗಿದೆ ಅಂತ ಅವಳು ಒಂದ್ಸಲನೂ ಹೇಳಲಿಲ್ವಲ್ಲೋ," ಎಂದರು.

ನಾನು ರೊಟ್ಟಿ ಹಿಡಿಯಲು ಕೈಚಾಚಿದೆ. ಕೊಡಲಿಲ್ಲ.

ಅಕ್ರೋಟು ಮರದ ಕೆಳಗೆ ಕಾರು ನಿಂತಿತ್ತು. ಕೊವಿಲ್ಕಕ್ಕ ಒಳಗಿನಿಂದಲೇ ಬಾಗಿ ಆಚೆಯ ಬಾಗಿಲು ತೆರೆದಿದ್ದರು.

"ಟೈರು ಒಳ್ಳೇವು ಮಾರಾಯ. ಗಾಳಿಯಲ್ಲಿ ಬಂದಂಗೆ ಬಂತು," ಎಂದರು. ಆಮೇಲೆ ಗಂಡನ ಕೆಂಪೇರಿದ ಮುಖ ನೋಡಿ ಕೇಳಿದರು: "ಸುಸ್ತಾಯ್ತಾ?"

ಸ್ರೆತೆನಣ್ಣನಿಗೆ ಉಸಿರು ಸಿಗಲು ಸ್ವಲ್ಪ ಹೊತ್ತು ಬೇಕಾಯಿತು.

"ಇಲ್ಲ," ಎಂದರು.

ಚಾಲಕನ ಕಡೆಗೆ ಹೋಗಲಿಲ್ಲ. ರೊಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಹೆಂಡತಿಯ ಪಕ್ಕದಲ್ಲೇ ಕೂತರು. ಕೊವಿಲ್ಕಕ್ಕ ಗೇರು ಹಾಕಿದರು, ಫಿಚಾ ತವರಿನ ಅಂಗಳದತ್ತ ಹೊರಟಿತು. ನನಗೆ ಹತ್ತು ಎಂದು ಆಗಲೂ ಯಾರೂ ಅನ್ನಲಿಲ್ಲ.