ಅದೇ ಲ್ಯಾಬು, ಅದೇ ಟೆಸ್ಟು

ಮಣೆಯ ಮೇಲೆ ಕೂತು ಮೊಮ್ಮಗಳಿಗೆ ಮೊದಲ ತುತ್ತು ಉಣಿಸಬೇಕಾದ ಅಜ್ಜ, ಬಾಲ್ಕನಿಯಲ್ಲಿ ಒಣಗಲು ಹಾಕಿದ್ದ ಬಟ್ಟೆಗಳ ಹಿಂದೆ ಹೋಗಿ ನಿಂತುಬಿಟ್ಟಿದ್ದರು. ಕರೆದರೆ ಬರುತ್ತಿಲ್ಲ. ಯಾಕೆ ಅಂತಲೂ ಹೇಳುತ್ತಿಲ್ಲ.

ಕಳೆದ ಭಾನುವಾರದ ಮಾತು. ಬೆಸೆಂಟ್ ನಗರದ ಮಗಳ ಮನೆಯಲ್ಲಿ ಅನ್ನಪ್ರಾಶನ. ಭಟ್ಟರು ಗಡಿಯಾರ ನೋಡಿದರು, ಆಮೇಲೆ ನನ್ನನ್ನು ನೋಡಿದರು. ಬೆಳ್ಳಿ ಬಟ್ಟಲಲ್ಲಿ ಪಾಯಸ ಆರುತ್ತಿತ್ತು. ಮಗು ಮಾತ್ರ ಯಾರಿಗೂ ಕಾಯದೆ ತನ್ನ ರೇಷ್ಮೆ ಲಂಗದ ಅಂಚನ್ನು ಬಾಯಿಗೆ ತುರುಕಿಕೊಂಡು ಚೀಪುತ್ತಿತ್ತು.

"ಎನ್ನಪ್ಪಾ ಇದು? ಎಲ್ಲಾರುಂ ವೆಯ್ಟ್ ಪಣ್ಣರಾಂಗ" ಅಂತ, ಎಲ್ಲರೂ ಕಾಯುತ್ತಿದ್ದಾರೆ ಅಂತ, ಮಗಳು ಒಳಗಿಂದಲೇ ಕೂಗಿದಳು. (ನಾವು ಕನ್ನಡದಲ್ಲಿ ಕೇಳುವುದು, ಅವಳು ತಮಿಳಲ್ಲಿ ಉತ್ತರಿಸುವುದು. ಅವಳು ಸ್ಕೂಲಿಗೆ ಸೇರಿದಾಗಿನಿಂದ ನಮ್ಮ ಮನೆಯ ಪದ್ಧತಿ.)

ನಾನೇ ಬಾಲ್ಕನಿಗೆ ಹೋದೆ. "ಹೋಯ್, ಎಂತ ಆಯ್ತು ನಿಮಗೆ?"

"ನನ್ನಿಂದ ಆಗುದಿಲ್ಲ ಮಾರಾಯ್ತಿ. ನೀನೇ ಉಣಿಸು. ಅದು ಹೋಗ್ಲಿಲ್ಲ."

ಅದು ಅಂದರೆ ಹೆಪಟೈಟಿಸ್ ಸಿ.

ನಿಮಗೆ ಹಿಂದಿನದ್ದನ್ನು ಸ್ವಲ್ಪ ಹೇಳಬೇಕು. ನಮ್ಮವರಿಗೆ ಅಡ್ಯಾರಿನಲ್ಲಿ ಒಂದು ಸಣ್ಣ ಹೋಟೆಲು. ಉಡುಪಿ ಕಡೆಯಿಂದ ಮಾವ ಬಂದು ಶುರು ಮಾಡಿದ್ದು. ಮಗಳು ತುಂಬು ಬಸುರಿಯಾಗಿದ್ದಾಗ ಇವರಿಗೆ ಹರ್ನಿಯಾ ಆಪರೇಷನ್ ಅಂತಾಯಿತು. ಅದಕ್ಕೂ ಮೊದಲಿನ ಮಾಮೂಲಿ ರಕ್ತ ಪರೀಕ್ಷೆಯಲ್ಲಿ ಇದು ಸಿಕ್ಕಿತು. ಎಲ್ಲಿಂದ ಬಂತು, ಯಾವಾಗ ಬಂತು? ಗೊತ್ತಿಲ್ಲ. ಕಾಫಿ ಬಿಟ್ಟರೆ ಬೇರೆ ಚಟವಿಲ್ಲದ ಮನುಷ್ಯ. ಎಂದೋ ಯಾವುದೋ ಸೂಜಿಯಿಂದ ಬಂದಿರಬಹುದು ಅಂದರು ಕೀಲ್ಪಾಕಿನ ಡಾಕ್ಟರಮ್ಮ. ಮೂರು ತಿಂಗಳು ಮಾತ್ರೆ ತಗೊಂಡರೆ ಸಾಕು, ವಾಸಿಯಾಗುತ್ತೆ ಅಂತಲೂ ಅಂದರು.

ಮಾತ್ರೆಯೇನೋ ಸಲೀಸಾಗಿ ಇಳಿಯಿತು. ಇಳಿಯದೆ ಹೋದದ್ದು ರಿಪೋರ್ಟುಗಳು.

ಒಂದು ತಿಂಗಳಿಗೆ ಎಸ್‌ಜಿಪಿಟಿ ನಾರ್ಮಲ್ ಅಂತ ಬಂತು. ಅದು ಲಿವರ್ ಎಷ್ಟು ನೋಯುತ್ತಿದೆ ಅಂತ ತೋರಿಸುವ ಲೆಕ್ಕವಂತೆ. ನಾರ್ಮಲ್ ಆಯಿತಲ್ಲ, ಇನ್ನು ಮಾತ್ರೆ ಯಾಕೆ ಅಂತ ಇವರ ತಕರಾರು. ನನಗೂ ಅದು ಸರಿ ಅನ್ನಿಸಿತು. ಡಾಕ್ಟರಮ್ಮ ಗದರಿದರು: ಲಿವರ್ ಸುಧಾರಿಸಿಕೊಂಡಿದೆ, ವೈರಸ್ ಖಾಲಿಯಾಗಿದೆ ಅಂತ ಅರ್ಥ ಅಲ್ಲ, ಕೋರ್ಸ್ ಮುಗಿಸಿ.

ಅದೇ ಹೊತ್ತಿಗೆ ರಕ್ತದಲ್ಲಿ ವೈರಸ್ ಎಷ್ಟಿದೆ ಅಂತ ಎಣಿಸುವ ವೈರಲ್ ಲೋಡ್ ರಿಪೋರ್ಟ್ ಬಂತು. ಮೊದಲು ಲಕ್ಷಗಟ್ಟಲೆ ಇದ್ದದ್ದು ಈಗ 'ಇದೆ, ಆದರೆ ಎಣಿಸಲಾಗದಷ್ಟು ಕಮ್ಮಿ' ಅಂತೆ. ಇದೆಂಥ ಉತ್ತರ ಸ್ವಾಮಿ? ಇದ್ದರೆ ಇದೆ ಅನ್ನಿ, ಇಲ್ಲದಿದ್ದರೆ ಇಲ್ಲ ಅನ್ನಿ. ನಾನು ಕನ್ನಡಕ ಒರೆಸಿಕೊಂಡು ಆ ಸಾಲನ್ನು ಮತ್ತೆ ಮತ್ತೆ ಓದಿದೆ. ಪಕ್ಕದಲ್ಲಿ ನಾರ್ಮಲ್ ಎಷ್ಟಿರಬೇಕು ಅಂತ ಬೇರೆ ಬರೆದಿರುತ್ತಾರೆ. ಒಂದು ಅಂಕಿ ಚೂರು ಆಚೆ ಹೋದರೂ ದಪ್ಪಕ್ಷರದಲ್ಲಿ ಹಾಕಿ ಎದೆ ಧಸಕ್ಕೆನ್ನಿಸುತ್ತಾರೆ. ನಿಮಗೂ ಹೀಗೇ ಆಗುತ್ತದಾ, ಅಥವಾ ನಾನೊಬ್ಬಳೇ ದಡ್ಡಿಯಾ?

ಈ ನಡುವೆ ಮೊಮ್ಮಗಳು ಹುಟ್ಟಿದಳು. ಅಜ್ಜ ಬಾಗಿಲಲ್ಲೇ ನಿಂತು ನೋಡಿದರು. ಎತ್ತಿಕೊಳ್ಳಿ ಅಂದರೆ, "ಎಲ್ಲ ಕ್ಲಿಯರ್ ಆಗಲಿ, ಆಮೇಲೆ" ಅಂದರು. ಹೋಟೆಲಿನ ಅಡುಗೆಮನೆಗೆ ಹೋಗುವುದನ್ನೂ ಬಿಟ್ಟು ಗಲ್ಲಾದಲ್ಲೇ ಕೂರತೊಡಗಿದರು. ಪಾಪ, ಎಷ್ಟು ಜಾಗ್ರತೆ ಅಂತ ನಾವೆಲ್ಲ ತಲೆಯಾಡಿಸಿದೆವು.

ಮಾತ್ರೆ ಮುಗಿದಾಗ ವೈರಸ್ ಇಲ್ಲ ಅಂತ ಬಂತು. ಮತ್ತೆ ಮೂರು ತಿಂಗಳು ಬಿಟ್ಟು ನೋಡಿದಾಗಲೂ ಇಲ್ಲ ಅಂತಲೇ ಬಂತು. "ವಾಸಿಯಾಯಿತು, ಹೋಗಿ" ಅಂದರು ಡಾಕ್ಟರಮ್ಮ. ಅಜ್ಜನ ಕೈಯಿಂದಲೇ ಮೊದಲ ತುತ್ತು ಅಂತ ಮಗಳು ಅನ್ನಪ್ರಾಶನದ ದಿನ ಗೊತ್ತುಮಾಡಿದಳು.

ಹಾಗಾದರೆ ಬಾಲ್ಕನಿಯಲ್ಲಿ ಇದೆಂಥ ಹೊಸ ರಾಮಾಯಣ?

"ಮೊನ್ನೆ ಹೋಗಿ ಟೆಸ್ಟ್ ಮಾಡಿಸಿದೆ" ಅಂದರು, ಬಟ್ಟೆಯ ಕ್ಲಿಪ್ಪನ್ನು ತೆಗೆಯುತ್ತಾ, ಹಾಕುತ್ತಾ. "ಮೊದಲು ಎಲ್ಲಿ ಸಿಕ್ಕಿತ್ತೋ ಅದೇ ಲ್ಯಾಬು. ಅದೇ ಟೆಸ್ಟು. ಪುನಃ ಪಾಸಿಟಿವ್."

"ಯಾರು ಮಾಡ್ಸಿ ಅಂದ್ರು?"

"ಯಾರು ಎಂತ ಹೇಳುದು? ಸಾಂಬಾರಿಗೆ ಉಪ್ಪು ಕಮ್ಮಿ ಅಂತ ಯಾವ ನಾಲಿಗೆ ಹೇಳಿತೋ, ಉಪ್ಪು ಹಾಕಿದ ಮೇಲೆ ಅದೇ ನಾಲಿಗೆ ನೋಡ್ಬೇಕು. ಬೇರೆಯವರು ಸರಿ ಉಂಟು ಅಂದ್ರೆ ಒಪ್ಲಿಕ್ಕಾಗ್ತದಾ?"

ಅವರ ಹೋಟೆಲಿನಲ್ಲಿ ಇದು ಕಾನೂನು. ಮಾವನ ಕಾಲದಿಂದಲೂ ಮುರಿದದ್ದಿಲ್ಲ. ರೋಗ ಇದೆ ಅಂದ ಟೆಸ್ಟೇ ರೋಗ ಬಿಟ್ಟಿತು ಅಂತಲೂ ಹೇಳಬೇಕು. ನ್ಯಾಯವಾಗಿಯೇ ಇದೆಯಲ್ಲ! ಹಾಗಾದರೆ ಆ ಎರಡು ರಿಪೋರ್ಟು ಸುಳ್ಳಾ? ಅಥವಾ ಹೋದದ್ದು ವಾಪಸು ಬಂತಾ?

ಭಟ್ಟರಿಗೆ ಒಂದು ಲೋಟ ಕಾಫಿ ಕೊಡಲು ಹೇಳಿ, ನಾನು ಡಾಕ್ಟರಮ್ಮನಿಗೆ ಫೋನ್ ಹಚ್ಚಿದೆ. ಭಾನುವಾರ, ಪಾಪ. ಆದರೂ ಎತ್ತಿದರು. ಸ್ಪೀಕರ್ ಹಾಕಿದೆ. ಅವರು ತಮಿಳಲ್ಲಿ ಹೇಳಿದ್ದು ಇಷ್ಟು. ಮೊದಲು ಮಾಡಿದ್ದು ಆ್ಯಂಟಿಬಾಡಿ ಟೆಸ್ಟ್. ವೈರಸ್ ವಿರುದ್ಧ ನಮ್ಮ ದೇಹವೇ ತಯಾರಿಸಿಕೊಂಡದ್ದನ್ನು ಅದು ನೋಡುತ್ತದೆ, ವೈರಸ್ಸನ್ನಲ್ಲ. ವೈರಸ್ ಹೋದರೂ ಆ ಆ್ಯಂಟಿಬಾಡಿ ಉಳಿಯುತ್ತದೆ, ಬಹುಶಃ ಜೀವಮಾನವಿಡೀ. ವೈರಸ್ ಇದೆಯಾ ಅಂತ ಹೇಳುವುದು ವೈರಲ್ ಲೋಡ್ ಟೆಸ್ಟ್ ಮಾತ್ರ. ಅದು ಇಲ್ಲ ಅಂದಿದೆ. ಇನ್ನು ಮೇಲೆ ಆ ಮೊದಲಿನ ಟೆಸ್ಟ್ ಮಾಡಿಸಲೇಬೇಡಿ.

"ಖಾಲಿಯಾದ ಇಂಗಿನ ಡಬ್ಬಿಯ ಹಾಗಾ?" ಅಂತ ಇವರು ನನ್ನನ್ನು ಕೇಳಿದರು. ನಾನು ಹೌದು ಅಂದೆ. (ನಿಜ ಹೇಳಲಾ? ನನಗೆ ಈಗಲೂ ಅರ್ಧವೇ ಅರ್ಥವಾಗಿದೆ. ರೋಗ ಇಲ್ಲವಂತೆ, ಟೆಸ್ಟ್ ಮಾತ್ರ ಪಾಸಿಟಿವ್ ಅಂತೆ, ಎರಡೂ ಸರಿಯಂತೆ!)

ಆಮೇಲೆ ಫೋನಿನ ಹತ್ತಿರ ಬಾಗಿ, ಬಹಳ ಸಣ್ಣ ದನಿಯಲ್ಲಿ ತಮಿಳಿನಲ್ಲಿ ಕೇಳಿದರು, ಮಗುವಿಗೆ ಕೈಯಲ್ಲಿ ಉಣಿಸಬಹುದಾ ಅಂತ.

"ಸಾರ್, ಏನು ಕೇಳ್ತಿದ್ದೀರಿ?" ಡಾಕ್ಟರಮ್ಮನ ದನಿ ಬದಲಾಯಿತು. "ವೈರಸ್ ಲಕ್ಷಗಟ್ಟಲೆ ಇದ್ದಾಗಲೂ ಉಣಿಸಬಹುದಿತ್ತು. ಎತ್ತಿಕೊಳ್ಳಬಹುದಿತ್ತು, ಮುದ್ದು ಮಾಡಬಹುದಿತ್ತು. ಇದು ರಕ್ತದಿಂದ ರಕ್ತಕ್ಕೆ ಹರಡೋದು. ಊಟದಿಂದ ಅಲ್ಲ, ಎಂಜಲಿಂದ ಅಲ್ಲ, ಮುಟ್ಟಿದರೂ ಅಲ್ಲ. ನಿಮಗೆ ಬೇಡ ಅಂದವರು ಯಾರು?"

ಯಾರೂ ಅಂದಿರಲಿಲ್ಲ.

ನಮ್ಮವರು ಸೋಪು ಹಾಕಿ ಕೈ ತೊಳೆದರು, ಮತ್ತೆ ತೊಳೆದರು. ಮಣೆಯ ಮೇಲೆ ಕೂತರು. ಮಗುವನ್ನು ತೊಡೆಗೆ ಕೊಟ್ಟಾಗ ಎಲ್ಲಿ ಹಿಡಿಯಬೇಕು ಅಂತಲೇ ಅವರಿಗೆ ಗೊತ್ತಾಗಲಿಲ್ಲ. ದಿನಾ ನೂರಾರು ಜನರಿಗೆ ಊಟ ಹಾಕುವ ಮನುಷ್ಯ ಬೆರಳ ತುದಿಯಲ್ಲಿ ಚೂರೇ ಚೂರು ಪಾಯಸ ತೆಗೆದು ಮಗುವಿನ ಬಾಯಿಗಿಟ್ಟರು. ಮಗು ಅದನ್ನು ತಿಂದು, ಅರ್ಧವನ್ನು ಅವರ ಅಂಗಿಗೇ ಉಗಿದು, ಇನ್ನೂ ಬೇಕು ಅಂತ ಬಾಯಿ ತೆರೆಯಿತು. ಅಜ್ಜ ಎಲ್ಲರೆದುರೇ ಅತ್ತುಬಿಟ್ಟರು. ನನಗೂ ತಡೆಯಲಾಗಲಿಲ್ಲ. ಆಮೇಲೆ ಸಿಟ್ಟೂ ಬಂತು, ಯಾರ ಮೇಲೆ ಅಂತ ಗೊತ್ತಾಗದ ಸಿಟ್ಟು.

ಎಸ್‌ಜಿಪಿಟಿ ಎಷ್ಟು, ವೈರಲ್ ಲೋಡ್ ಎಷ್ಟು, ದಪ್ಪಕ್ಷರ ಯಾಕೆ ಅಂತ ಅಷ್ಟು ತಿಂಗಳು ಡಾಕ್ಟರನ್ನು ಕೇಳಿದ್ದೇ ಕೇಳಿದ್ದು. ಮಗುವನ್ನು ಎತ್ತಿಕೊಳ್ಳಬಹುದಾ ಅಂತ ಒಂದೇ ಒಂದು ಸಲ ಕೇಳಲು ನಮ್ಮಲ್ಲಿ ಯಾರಿಗೂ ಯಾಕೆ ತೋಚಲಿಲ್ಲ?