ಬೆರಳಿಗೆ ಗೊತ್ತಾಗದ ಮೀನು

ನಮ್ಮ ಮನೆಯ ಕಿಟಕಿಯ ಸರಳಿಗೆ ಒಂದು ಪುಟ್ಟ ಗಂಟೆ ಸಿಕ್ಕಿಸಿದೆ. ಶೇಂಗಾಕಾಯಿಯಷ್ಟು ಗಾತ್ರ, ಅದಕ್ಕೊಂದು ಪ್ಲಾಸ್ಟಿಕ್ ಕ್ಲಿಪ್ಪು. ಗಾಳಿ ಬಂದರೆ ಟಿಣ್ ಅನ್ನುತ್ತದೆ, ಬೆಕ್ಕು ಹಾದುಹೋದರೂ ಟಿಣ್ ಅನ್ನುತ್ತದೆ. ಆಡಿನ ಮರಿಗೆ ಕಟ್ಟುವುದು ಅಂದುಕೊಂಡಿರೇನು? ಅಲ್ಲ. ಮೀನು ಹಿಡಿಯುವ ಕೋಲಿಗೆ ಕಟ್ಟುವುದಂತೆ! ಮೀನು ಮುಟ್ಟಿದ ಕೂಡಲೆ ಬಾರಿಸಿ ಹೇಳುತ್ತದಂತೆ. ಹಾಗಿದ್ದರೆ ಹಿಡಿಯುವವನಿಗೆ ಕೈ ಯಾಕೆ ಬೇಕು ಸ್ವಾಮಿ? ಮನೆಯಲ್ಲಿ ಗೂಟಕ್ಕೆ ನೇತುಹಾಕಿ ಬರಬಹುದಲ್ಲ.

ಇದು ನನ್ನ ಅಳಿಯನ ಆಸ್ತಿ. ಗದ್ವಾಲ್‌ನಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ಒಳ್ಳೆಯವನು, ಮಗಳನ್ನು ಚೆನ್ನಾಗಿ ನೋಡಿಕೊಳ್ಳುತ್ತಾನೆ. ಅಲ್ಲಿಗೆ ಅವನ ಹೊಗಳಿಕೆ ಮುಗಿಯಿತು. ತಿಂಗಳ ಹಿಂದೆ ಒಂದು ಭಾನುವಾರ ಅವನು, ಮಗಳು, ನಾನು ಮಕ್ತಲ್‌ನಿಂದ ಜೂರಾಲಾ ಹಿನ್ನೀರಿನ ದಡಕ್ಕೆ ಹೋಗಿದ್ದೆವು. ಅವನ ಕೋಲಿಗೆ ಈ ಗಂಟೆ. ನನ್ನ ಕೈಯಲ್ಲಿ ಕೋಲೂ ಇಲ್ಲ, ಬರೀ ನೈಲಾನ್ ದಾರ, ಕಟ್ಟಿಗೆ ತುಂಡಿಗೆ ಸುತ್ತಿದ್ದು. ಗಂಟೆ ಎರಡು ಸಲ ಬಾರಿಸಿತು, ಅವನು ಎರಡು ಕೊರಮೀನು ಎಳೆದು ದಡಕ್ಕೆ ಹಾಕಿದ. ನಾನು ನನ್ನ ದಾರ ಎಳೆದು ನೋಡಿದರೆ ಗಾಳಕ್ಕೆ ಎರೆಯ ಬದಲು ಕಟ್ಟಿದ್ದ ರೇಷ್ಮೆ ಎಳೆಗಳು ಹರಿದು ಚಿಂದಿಯಾಗಿದ್ದವು. ಮೀನು ಬಂದಿದೆ, ಬಾಯಿಗೆ ಹಾಕಿಕೊಂಡಿದೆ, ರುಚಿ ನೋಡಿ ಉಗಿದು ಹೋಗಿದೆ. ನನಗೆ ಸುಳಿವೇ ಇಲ್ಲ.

"ಅಪ್ಪಾ, ನಿನ್ನ ಕೈಗೆ ಗೊತ್ತಾಗ್ಲೇ ಇಲ್ಲೇನು?" ಅಂದಳು ಮಗಳು.

ಪಾಪ, ಸುಮ್ಮನೆ ಕೇಳಿದಳು. ಆದರೆ ನನಗೆ ಊಟ ಸೇರಲಿಲ್ಲ. ಯಾಕೆಂದರೆ ಈ ಬಲಗೈ ತೋರುಬೆರಳಿನ ಬಗ್ಗೆ ನಾನು ಉಟ್ಕೂರ್‌ನಿಂದ ಕೋಸಗಿಯವರೆಗೆ ಕೊಚ್ಚಿಕೊಂಡವನು. ಗಡಿಯ ಕನ್ನಡ ಶಾಲೆಯಲ್ಲಿ ಮಾಸ್ತರಿಕೆ ಮಾಡಿ, ಮಕ್ಕಳನ್ನೂ ಸಹೋದ್ಯೋಗಿಗಳನ್ನೂ ಸಮಾನವಾಗಿ ಬೈದು ನಿವೃತ್ತನಾದವನು ನಾನು. ಪಾಠದಲ್ಲಿ ನನ್ನನ್ನು ಮೀರಿಸಿದವರಿದ್ದರು, ಅದು ಒಪ್ಪುತ್ತೇನೆ. ಬೆರಳಿನಲ್ಲಿ ಯಾರೂ ಇರಲಿಲ್ಲ.

ಈಗ ಭಾನುವಾರ ಆ ದಡಕ್ಕೆ ಹೋಗಿ ನೋಡಿ, ನಿಮಗೂ ನಗು ಬರುತ್ತದೆ. ಹೈದರಾಬಾದಿನಿಂದ ಕಾರು ಮಾಡಿಕೊಂಡು ಬರುತ್ತಾರೆ. ತಲೆಗೆ ಟೊಪ್ಪಿಗೆ, ಕೈಗೆ ಗವುಸು, ಕಣ್ಣಿಗೆ ಕರಿ ಕನ್ನಡಕ, ಕೂರಲು ಮಡಚುವ ಕುರ್ಚಿ. ಕೋಲು ಮಣ್ಣಿಗೆ ಚುಚ್ಚಿ ಫೋನ್ ನೋಡುತ್ತ ಕೂರುತ್ತಾರೆ. ಮೀನು ಬಂದು ಜಗ್ಗಬೇಕು, ಕೋಲು ಬಾಗಬೇಕು, ಇವರು ಹೋ ಅಂತ ಎದ್ದು ವಿಡಿಯೋ ಮಾಡಬೇಕು. ಮೀನಿಗೇನು ಗರಜು ಬಿದ್ದಿದೆ? ಅದು ಇವರ ಮನೆಯ ಬಾಗಿಲು ಬಡಿದು "ಬಂದೀನ್ರಿ" ಅಂತ ಹೇಳುತ್ತದೇನು? ತಳದಲ್ಲಿ ಗಾಳ ಎಳೆಯುವವನಿಗೆ ಮೀನು ಜಗ್ಗುವುದೇ ಅಪರೂಪ. ಇವರು ಜಗ್ಗುವುದನ್ನು ಕಾಯುತ್ತಿರುವಾಗ ಹತ್ತು ಮೀನು ಬಂದು ಬಾಯಿ ಒರೆಸಿಕೊಂಡು ಹೋಗಿರುತ್ತವೆ. ಸಂಜೆ "ಇಲ್ಲಿ ಮೀನೇ ಇಲ್ಲ" ಅಂತ ನದಿಗೆ ಬೈದು ಕಾರು ಹತ್ತುತ್ತಾರೆ.

ನನಗೆ ಇದನ್ನೆಲ್ಲ ಕಲಿಸಿದವನು ಮಾಮ, ನಮ್ಮ ಅವ್ವನ ಅಣ್ಣ. ಆಮೇಲೆ ಮಗಳನ್ನು ಕೊಟ್ಟು ಮಾವನೂ ಆದ. ಅವನ ಗಾಳ ಅವನೇ ಮಾಡುತ್ತಿದ್ದ. ಸೀಸ ಕರಗಿಸಿ ಕೊಕ್ಕೆಯ ಕುತ್ತಿಗೆಗೆ ಗುಂಡು ಹೊಯ್ಯುವುದು, ಅದರ ಸುತ್ತ ರೇಷ್ಮೆಯ ಎಳೆ ಕಟ್ಟುವುದು. ಎಳೆ ಗದ್ವಾಲ್ ಮಗ್ಗದವರ ಮನೆಯಿಂದ ಬರುತ್ತಿತ್ತು, ಸೀರೆ ನೇಯ್ದು ಉಳಿದ ತುದಿ. ಕೆಂಪು ರೇಷ್ಮೆ, ಜೊತೆಗೆ ಎರಡೇ ಎರಡು ಜರಿ ಎಳೆ. ಮದುವೆ ಸೀರೆ ಉಟ್ಟ ಸಿಗಡಿ ಅಂತ ನಾನು ನಗುತ್ತಿದ್ದೆ. ಮೀನುಗಳು ನಗುತ್ತಿರಲಿಲ್ಲ.

ಆ ಗುಂಡು ತಳಕ್ಕೆ ಬಿಟ್ಟು, ದಾರವನ್ನು ತೋರುಬೆರಳಿನ ಮೇಲೆ ಹಾಯಿಸಿ, ಮೆಲ್ಲಗೆ ಎಳೆಯಬೇಕು. ಕಲ್ಲಿನ ಮೇಲೆ ಕಟಕಟ. ಕೆಸರಿನಲ್ಲಿ ಮೆತ್ತಗೆ. ಜೊಂಡಿನಲ್ಲಿ ಹಿಡಿದು ಬಿಟ್ಟ ಹಾಗೆ. ನೀರಿನ ತಳವೆಲ್ಲ ಬೆರಳಿಗೆ ಬರುತ್ತದೆ. ಮೀನು ಹೇಗೆ ಬರುತ್ತದೆ ಅಂತ ನಾನು ಕೇಳಿದ್ದಕ್ಕೆ ಮಾಮ ಹೇಳಿದ್ದು ಇಷ್ಟು:

"ಜಗ್ಗತೈತಿ ಅಂತ ಕಾಯಬ್ಯಾಡಲೇ ಅಳಿಯಾ. ಜಗ್ಗಿದ್ದು ಕುರುಡಗೂ ಗೊತ್ತಾಗತೈತಿ. ಇದ್ದ ಭಾರ ಇಲ್ಲದಂಗ ಆತೇನು, ಅದು ಮೀನು. ಆಗ ಎಳಿ."

ಮೀನು ಹಿಂದಿನಿಂದ ಬಂದು ಗುಂಡನ್ನು ಸುಮ್ಮನೆ ಬಾಯೊಳಗೆ ಹೀರಿಕೊಳ್ಳುತ್ತದೆ. ಹೀರಿಕೊಂಡು ನಿಮ್ಮ ಕಡೆಗೇ ಬಂತೋ, ದಾರದಲ್ಲಿದ್ದ ಭಾರ ಮಾಯ. ಒಂದು ಉಸಿರಿನಷ್ಟು ಹೊತ್ತು, ಅಷ್ಟೇ. ಅದನ್ನು ಕಲಿಸಲು ಅವನು ನನ್ನನ್ನು ನದಿಗೆ ಕರೆದೊಯ್ಯಲಿಲ್ಲ. ಪಡಸಾಲೆಯಲ್ಲಿ ಕೂರಿಸಿದ. ಫರಸಿ ಕಲ್ಲಿನ ಮೇಲೆ ಒಂದು ಕಡೆ ಗೋಣಿಚೀಲ ಹಾಸಿದ, ಒಂದು ಕಡೆ ಜೋಳ ಹರವಿದ, ಒಂದು ಕಡೆ ಬೂದಿ. ನನ್ನ ಕಣ್ಣಿಗೆ ಟವೆಲ್ ಕಟ್ಟಿ, ಕೈಗೆ ದಾರ ಕೊಟ್ಟು "ಎಳಿ, ಏನದ ಹೇಳು" ಅಂದ. ಕಲ್ಲು, ಚೀಲ, ಜೋಳ ಅಂತ ಹೇಳುತ್ತ ಹೋದೆ. ನಡುವೆ ಅವನ ಮಗಳು ಬಂದು ಗುಂಡನ್ನು ಮೆಲ್ಲಗೆ ಮುಷ್ಟಿಯಲ್ಲಿ ಎತ್ತಿಕೊಳ್ಳುತ್ತಿದ್ದಳು. ಆಗ ನಾನು ದಾರ ಸರಕ್ಕನೆ ಎಳೆಯಬೇಕು. ಎಳೆಯದೆ ಕೂತರೆ ಕಿಸಕ್ಕನೆ ನಗು ಕೇಳುತ್ತಿತ್ತು. ಒಂದು ಬ್ಯಾಸಗಿ ಪೂರ್ತಿ ಅವಳು ನಕ್ಕಳು. ಕೊನೆಗೆ ಒಂದು ದಿನ ಅವಳ ಮುಷ್ಟಿ ಮುಚ್ಚುವ ಮೊದಲೇ ಎಳೆದೆ. ಮಾಮ ತೊಡೆ ತಟ್ಟಿ "ಶಹಬ್ಬಾಸ್" ಅಂದ. ಆಮೇಲೆ ಅವಳನ್ನೇ ಮದುವೆಯಾದೆ, ನಗು ಇನ್ನೂ ನಿಂತಿಲ್ಲ.

ಅಲ್ಲಿಂದ ನನ್ನ ತಲೆ ತಿರುಗಿತು ನೋಡಿ. ಹತ್ತು ವರ್ಷದಲ್ಲಿ ದಡದ ಮೇಲೆ ನಾನೇ ಪಂಡಿತ. ಇನ್ನೊಬ್ಬ ಗಾಳ ಹಾಕಿದರೆ ನನಗೆ ತಡೆಯುತ್ತಿರಲಿಲ್ಲ. "ನಿನ್ನ ಬೆರಳೇನು ಬದನೆಕಾಯಿಯೇನಪ್ಪ?" ಅನ್ನುತ್ತಿದ್ದೆ. ಜನ ನಗುತ್ತಿದ್ದರು, ನಾನು ಇನ್ನಷ್ಟು ಉಬ್ಬುತ್ತಿದ್ದೆ.

ಒಂದು ಸಂಕ್ರಾಂತಿಯ ಮರುದಿನ. ಬಳಗವೆಲ್ಲ ಬುತ್ತಿ ಕಟ್ಟಿಕೊಂಡು ನದಿಗೆ ಬಂದಿತ್ತು, ಉಟ್ಕೂರ್ ಬೀಗರೂ ಇದ್ದರು. ಮಾಮ ಸ್ವಲ್ಪ ದೂರ ಬಂಡೆಯ ಮೇಲೆ ಕೂತು ಗಾಳ ಹಾಕಿದ್ದ. ನೋಡುತ್ತೇನೆ, ದಾರ ಬೆರಳಿನ ಮೇಲಿಲ್ಲ! ಮೇಲಕ್ಕೆತ್ತಿ ಕೆಳತುಟಿಗೆ ತಾಗಿಸಿಕೊಂಡು ಕೂತಿದ್ದಾನೆ, ಕೊಳಲು ಊದುವವನ ಹಾಗೆ. ಇಂಥಾ ಅವಕಾಶ ಬಿಡುವವನೇ ನಾನು?

"ಏನ್ ಮಾಮಾ, ಕೈಲೆ ಆಗಲಾರದ್ದಕ್ಕ ಬಾಯಿಲೆ ಹಿಡಿಯಾಕ ಹತ್ತೀರೇನ್ರಿ? ಮುಂದಿನ ಸಲ ನೀರಾಗೇ ಇಳೀರಿ, ಕಚಗೊಂಡು ಬರಾಕ ಬರತೈತಿ!"

ಬೀಗರು ಗೊಳ್ಳೆಂದು ನಕ್ಕರು. ಮಾಮ ನನ್ನ ಕಡೆ ಕಣ್ಣು ಹೊರಳಿಸಿದ. ಬಾಯಿ ಬಿಡಲಿಲ್ಲ. ಸುಮ್ಮನಿದ್ದದ್ದು ನೋಡಿ ನನಗೆ ಇನ್ನೂ ಹುರುಪು ಬಂತು. ಕೊಕ್ಕರೆ ಅಂದೆ, ಮುದಿ ಬೆಕ್ಕು ಅಂದೆ. ಅಷ್ಟರಲ್ಲಿ ಅವನ ಕೈ ಸರಕ್ಕನೆ ಹಿಂದೆ ಹೋಯಿತು, ಮೊಣಕೈ ಉದ್ದದ ಕೊರಮೀನು ಬಂಡೆಯ ಮೇಲೆ ಬಂದು ಬಿತ್ತು. ಅದನ್ನು ಬಿಡಿಸಿ ನನ್ನ ಮುಂದೆ ಇಟ್ಟ. ದಾರವನ್ನು ಕಟ್ಟಿಗೆಗೆ ಸುತ್ತಿ ಅದನ್ನೂ ಇಟ್ಟ.

"ತಗೋ. ಇನ್ನ ನೀನೇ ಇಟಗೋ" ಅಂದ.

ಮತ್ತೆ ಅವನು ನದಿಗೆ ಬರಲಿಲ್ಲ. ನಾನೇನು ತಿಳಿದುಕೊಂಡೆ ಗೊತ್ತೇ? ಪಟ್ಟ ಕಟ್ಟಿದ ಅಂತ! ಮುದುಕ ಸೋತು ಒಪ್ಪಿಕೊಂಡ ಅಂತ! ಮಕ್ತಲ್ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಅದನ್ನೇ ವಾರಗಟ್ಟಲೆ ಹೇಳಿದೆ. ಇವತ್ತು ನೆನೆಸಿಕೊಂಡರೆ ನನ್ನ ಕಪಾಳಕ್ಕೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ.

ಯುಗಾದಿಯ ಹೊತ್ತಿಗೆ ಮಾಮನನ್ನು ರಾಯಚೂರಿನ ದವಾಖಾನೆಗೆ ತೋರಿಸಲು ಕರೆದೊಯ್ದರು. ಹೆಂಡತಿ ಜೊತೆಗೆ ಹೋಗಿದ್ದಳು. ಬಂದವಳು ಚಪ್ಪಲಿ ಕೂಡ ಬಿಡದೆ ಹೇಳಿದಳು:

"ಅಪ್ಪಗ ಶುಗರ್ ಐತಂತ. ಎರಡು ವರ್ಷದಿಂದ ಬೆರಳು ಸತ್ತಾವ. ಕುದಿಯೋ ಚಾದ ಲೋಟ ಹಿಡಿದ್ರೂ ಸುಡಂಗಿಲ್ಲ ಅವಗ. ನೀರಿನ ತಳದಾಗಿಂದು ಎಲ್ಲಾ ಗೊತ್ತಾಗತೈತಿ ನಿಮಗ. ಬಾಜೂಕ ಕುಂತ ಮನಿಷ್ಯಾಂದು ಗೊತ್ತಾಗಲಿಲ್ಲ?"

ಬೆರಳು ಕೈಬಿಟ್ಟ ಮೇಲೆ ಆ ಮನುಷ್ಯ ಹುಡುಕಿ ಹುಡುಕಿ ತನ್ನ ಮೈಯಲ್ಲಿ ಇನ್ನೂ ಜೀವ ಇರುವ ಜಾಗ ಕಂಡುಕೊಂಡಿದ್ದ. ನಾನು ಅದನ್ನು ಬೀಗರ ಮುಂದೆ ಹರಾಜಿಗಿಟ್ಟೆ.

ತಪ್ಪಾಯಿತು ಅನ್ನಲು ಹೋದೆ, ಹೋಗಲಿಲ್ಲ ಅಂತಲ್ಲ. ಕಟ್ಟೆಯ ಮೇಲೆ ಕೂತು ಬೋರಿನ ಮೋಟರ್ ಬಗ್ಗೆ ಮಾತಾಡಿದೆ. ಅವನೇ ಕೇಳಿದ, "ನೀರಿಗಿ ಹೋಗಿದ್ದೇನಲೇ? ಏನ್ ಬಿತ್ತು?" ಅಂತ. ಅಷ್ಟು ಕೇಳಿದ್ದೇ ಸಾಕಾಯಿತು ನನ್ನ ಬಾಯಿಗೆ. ಯಾವ ಮಡುವು, ಎಷ್ಟು ಉದ್ದದ ಮೀನು, ಬೆರಳಿಗೆ ಹೇಗೆ ಗೊತ್ತಾಯಿತು, ಒಂದು ತಾಸು ಕೊಚ್ಚಿದೆ. ಬೆರಳಿಗೆ ಅಂತ ಎಷ್ಟು ಸಲ ಅಂದೆನೋ! ಅವನು ಹೂಂ, ಹೂಂ ಅನ್ನುತ್ತ ಕೇಳಿದ. ತಪ್ಪಾಯಿತು ಅನ್ನುವುದು ಮುಂದಿನ ಸಲಕ್ಕೆ ಅಂದುಕೊಂಡು ಎದ್ದು ಬಂದೆ. ಆ ಮಳೆಗಾಲದಲ್ಲಿ ಅವನು ಹೋಗಿಬಿಟ್ಟ.

ಈಗ ಮಗಳು ಹಾಗೆ ಕೇಳಿದ ದಿನಕ್ಕೆ ಬರುತ್ತೇನೆ. ಮನೆಗೆ ಬಂದು ದಾರ ಹಳೆಯದಾಗಿದೆ ಅಂದೆ. ಗುಂಡು ಭಾರ ಸಾಲದು ಅಂದೆ. ಆ ಗಂಟೆಯ ಸದ್ದಿಗೆ ನನ್ನ ಮೀನು ಓಡಿಹೋಯಿತು ಅಂತಲೂ ಅಂದೆ. ಹೆಂಡತಿ ಎಲ್ಲ ಕೇಳಿಕೊಂಡಳು. ಮರುದಿನ ಮುಂಜಾನೆ ಪಡಸಾಲೆಯಲ್ಲಿ ಗೋಣಿಚೀಲ ಹಾಸಿ, ಜೋಳ ಹರವಿ, ಟವೆಲ್ ಹಿಡಿದು ನಿಂತಿದ್ದಳು.

"ಕುಂಡ್ರಿ" ಅಂದಳು.

ಎಳೆದೆ. ಕಲ್ಲು ಅಂದೆ. "ಚೀಲ ಅದು" ಅಂದಳು. ಮತ್ತೆ ಎಳೆದೆ, ಚೀಲ ಅಂದೆ. ಟವೆಲ್ ಬಿಚ್ಚಿ ನೋಡಿದರೆ ಗುಂಡು ಎಷ್ಟು ಹೊತ್ತಿನಿಂದಲೋ ಅವಳ ಮುಷ್ಟಿಯಲ್ಲಿತ್ತು. ಈ ಸಲ ಅವಳು ನಗಲಿಲ್ಲ. ನನಗೂ ಶುಗರ್ ಇದೆ, ಗುಳಿಗೆ ನುಂಗುತ್ತೇನೆ, ಬೆರಳ ತುದಿ ಜುಮುಜುಮು ಅನ್ನುವುದು ಚಳಿಗೆ ಅಂತ ಹೇಳಿಕೊಂಡು ಎರಡು ಚಳಿಗಾಲ ಕಳೆದಿದ್ದೆ. ಬ್ಯಾಸಗಿಯಲ್ಲೂ ಚಳಿ ನನಗೆ! ಅವಳು ದಾರ ಎತ್ತಿ ನನ್ನ ತುಟಿಗೆ ತಾಗಿಸಿದಳು. "ಈಗ ಎಳೀರಿ" ಅಂದಳು. ಕಲ್ಲು ಬಂತು. ಚೀಲ ಬಂತು. ಜೋಳದ ಒಂದೊಂದು ಕಾಳೂ ಬಂತು. ನನಗೆ ಅಳು ಬಂತು, ಮುಚ್ಚಿಡುವುದೇನು.

ಹೋದ ಭಾನುವಾರ ಮತ್ತೆ ದಡಕ್ಕೆ ಹೋದೆವು. ಎಲ್ಲರಿಗಿಂತ ದೂರ ಕೂತು, ಅತ್ತ ಇತ್ತ ನೋಡಿ, ದಾರ ತುಟಿಗೆ ಇಟ್ಟುಕೊಂಡೆ. ಅಳಿಯ ಎಲ್ಲಿದ್ದನೋ, ಗಾಳಿಗೆ ಅವನ ಗಂಟೆ ಬಾರಿಸಿತು, ಓಡಿಬಂದು ಕೋಲು ಎಳೆದ, ಒಂದು ಮಣ ಜೊಂಡು ಬಂತು. ಆಹಾ, ನನ್ನ ಬಾಯಿಗೆ ಎಂಥ ಮಾತು ಬಂತು ಗೊತ್ತೇ! ಆದರೆ ಬಾಯಿ ಬಿಟ್ಟರೆ ದಾರ ಜಾರುತ್ತದೆ. ಅವನು ನನ್ನ ಕಡೆ ತಿರುಗಿದ. ಕಣ್ಣರಳಿಸಿ ನಕ್ಕ.

"ಏನ್ರಿ ಮಾಮಾ, ಬಾಯಿಲೆ ಹಿಡೀತೀರೇನ್ರಿ?"

ಫೋನ್ ಎತ್ತಿ ವಿಡಿಯೋ ಬೇರೆ ಶುರು ಮಾಡಿದ. ಒಂದಕ್ಕಿಂತ ಒಂದು ಚೂಪಾದ ಹತ್ತು ಉತ್ತರ ನನ್ನ ನಾಲಿಗೆಯ ಮೇಲೆ ಸಾಲಾಗಿ ನಿಂತವು. ಅದೇ ಹೊತ್ತಿಗೆ ದಾರದ ಭಾರ ಇಲ್ಲವಾಯಿತು. ಆಗ ಗೊತ್ತಾಯಿತು ಮಾಮ ಅವತ್ತು ಯಾಕೆ ಬಾಯಿ ಬಿಡಲಿಲ್ಲ ಅಂತ. ಶುಗರ್ ಸಂಗತಿ ತಿಳಿದ ಮೇಲೆ, ಅವನು ಸಿಟ್ಟಿನಿಂದ ಸುಮ್ಮನಿದ್ದ ಅಂತ ನಾನು ಇಷ್ಟು ವರ್ಷ ನಂಬಿದ್ದೆ. ನನ್ನ ಮಾತು ಅವನ ಕಿವಿಗೆ ಬಿದ್ದಿದ್ದರೆ ತಾನೆ! ಅವನು ಮೀನಿನ ಮಾತು ಕೇಳುತ್ತಿದ್ದ. ಆದರೆ ದಾರ ಕೊಟ್ಟುಬಿಟ್ಟನಲ್ಲ, ಹಾಗಾದರೆ ನನ್ನದೂ ಕೇಳಿಸಿತ್ತು.

ಎಳೆದೆ. ಮೀನು ದಡಕ್ಕೆ ಬಂತು. ಅಳಿಯ ನನ್ನ ಬೈಗುಳ ಕೇಳಲು ತಯಾರಾಗಿ ನಿಂತಿದ್ದ.

"ಬೆರಳಿಗೆ ಗೊತ್ತಾಗಂಗಿಲ್ಲಪ್ಪ ಈಗ. ತುಟಿಗೆ ಗೊತ್ತಾಗತೈತಿ" ಅಂದೆ.

ಫೋನ್ ಜೇಬಿಗೆ ಹೋಯಿತು. ಪಕ್ಕದಲ್ಲಿ ಬಂದು ಕೂತ. "ಎಲ್ಲಿ, ನನಗೂ ಕೊಡ್ರಿ ಜರಾ" ಅಂದ. ದಾರ ಅವನ ತುಟಿಗಿಟ್ಟೆ. ಇಬ್ಬರೂ ಅರ್ಧ ತಾಸು ಮಾತಿಲ್ಲದೆ ಕೂತೆವು. ನನ್ನ ಜನ್ಮದಲ್ಲಿ ಅಷ್ಟು ಹೊತ್ತು ಒಬ್ಬರ ಪಕ್ಕ ಕೂತು ಏನೂ ಅನ್ನದೆ ಇದ್ದದ್ದು ಅದೇ ಮೊದಲು.

ಸಂಜೆ ಗದ್ವಾಲ್‌ಗೆ ಹೊರಡುವಾಗ ಅವನೇ ಈ ಗಂಟೆಯನ್ನು ಕಿಟಕಿಗೆ ಸಿಕ್ಕಿಸಿದ. "ಇರ್ಲಿ ಮಾಮಾ. ಮುಂದೊಂದು ದಿನ ತುಟಿಗೂ ಗೊತ್ತಾಗದಿದ್ರ ಬೇಕಾಗತೈತಿ" ಅಂದ. ಎಷ್ಟು ಸೊಕ್ಕು ನೋಡಿ! ನಾನು ಕಲಿಸಿದ ಸೊಕ್ಕೇ ಇರಬೇಕು. ಕಿತ್ತು ಎಸೆಯಬೇಕು ಅಂತ ಎರಡು ಸಲ ಎದ್ದಿದ್ದೇನೆ, ಕ್ಲಿಪ್ಪಿಗೆ ಕೈ ಹಾಕಿ ಬಿಟ್ಟು ಬಂದಿದ್ದೇನೆ. ಇದೋ, ಈಗ ಮತ್ತೆ ಟಿಣ್ ಅಂತು. ಗಾಳಿಯೋ ಬೆಕ್ಕೋ ಇರಬೇಕು. ಆದರೂ ಬರೆಯುವುದು ಬಿಟ್ಟು ತಲೆ ಎತ್ತಿ ನೋಡಿದೆ.